ಗುರುವಾರದ ಯೂಸುಫ್ ಭಾಯಿ

ನಮ್ಮ ಬಡಾವಣೆಯ ಭಜನಾ ಮಂಡಳಿಯವರು ನನ್ನನ್ನು ಹಾಡುವ ಸಾಲಿನಿಂದ ಎಬ್ಬಿಸಿ ಅಡುಗೆಯ ಕಡೆ ಸಾಗಹಾಕಿದ್ದಾರೆ. ಬಾಯಿಬಿಟ್ಟು ಬೈದವರಿಲ್ಲ. “ಅಕ್ಕಾರ, ನಿಮ್ಮ ಕೈಗುಣ ಭಾಳ ಚಲೋ ಅದ, ನೀವು ಪ್ರಸಾದದ ಕಡಿ ನೋಡ್ಕೊಂಡುಬಿಡ್ರಿ” ಎಂದರು, ಅಷ್ಟೆ. ಒಳಗಿನ ಕಾರಣ ನನಗೂ ಗೊತ್ತು. ನಾನು ಯಾವ ಪದ ಎತ್ತಿಕೊಂಡರೂ ಅದು ಮಳೆಗಾಲದ ಎರೆಮಣ್ಣಿನಲ್ಲಿ ಹೂತ ಬಂಡಿಯಾಗುತ್ತದೆ. ಉಳಿದವರು ಚರಣ ಮುಗಿಸಿ, ತಾಳ ಕೆಳಗಿಟ್ಟು, ಒಬ್ಬರಿಗೊಬ್ಬರು ಕುಂಕುಮ ಹಚ್ಚಿಕೊಳ್ಳುವ ಹೊತ್ತಿಗೆ ನಾನು ಎರಡನೆಯ ಸಾಲಿನಲ್ಲಿ ಇನ್ನೂ ಉಸಿರೆಳೆಯುತ್ತಿರುತ್ತೇನೆ. “ಇವರು ಹಾಡಿ ಮುಗಿಸೂದ್ರಾಗ ಆರತಿ ಆರಿ ಹೋಗ್ತದ್ರೀ” ಎಂದು ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳಿದ್ದು ನನಗೆ ಕೇಳಿಸಿತು. ಕಿವಿ ಮಾತ್ರ ಇನ್ನೂ ಗಟ್ಟಿಯಾಗಿದೆ ನೋಡಿ.

ತಪ್ಪು ನನ್ನದಲ್ಲ, ರಾಯಚೂರಿನ ಕರೆಂಟಿನದು. ನಗಬೇಡಿ, ಹೇಳುತ್ತೇನೆ.

ಎಪ್ಪತ್ತರ ದಶಕದಲ್ಲಿ ಕೋಟೆಗೋಡೆಯ ಮಗ್ಗುಲಿಗಿದ್ದ ನಮ್ಮ ಓಣಿ ಕರೆಂಟಿನ ತಂತಿಯ ಕಟ್ಟಕಡೆಯ ಓಣಿ. ಹತ್ತಿಯ ಜಿನ್ನುಗಳು, ಎಣ್ಣೆಯ ಗಿರಣಿಗಳು ಕುಡಿದು ಬಿಟ್ಟದ್ದು ನಮಗೆ. ಸಂಜೆಯಾದರೆ ಬಲ್ಬು ಯಾರೋ ಸೇದಿ ಬಿಟ್ಟ ಬೀಡಿಯಂತೆ ಕೆಂಪಗೆ ಕೂತಿರುತ್ತಿತ್ತು. ಅದು ಹತ್ತಿದೆಯೋ ಇಲ್ಲವೋ ಎಂದು ನೋಡಲು ನನ್ನವ್ವ ಕಂದೀಲು ಎತ್ತಿ ಹಿಡಿಯುತ್ತಿದ್ದಳು. ಅಪ್ಪ ಕಚೇರಿಯಿಂದ ಬಂದು ಅಂಗಿ ಕಳಚಿ, ಫ್ಯಾನಿನ ಕೆಳಗೆ ಅಂಗಾತ ಮಲಗಿ, “ನಮ್ಮ ಫ್ಯಾನಿನ ಮ್ಯಾಲ ಗುಬ್ಬಿ ಕುಂತು ಜೋಕಾಲಿ ಆಡ್ತದ ನೋಡ್ರಿ” ಎನ್ನುತ್ತಿದ್ದ. ನಿಧಾನವಾಗಿ ತಿರುಗುವುದು ಫ್ಯಾನು ಮಾತ್ರವಲ್ಲ, ಮೋಟಾರಿರುವ ಎಲ್ಲವೂ ಹಾಗೆಯೇ ಎನ್ನುವುದು ನನಗೆ ಆಗ ಹೊಳೆದಿರಲಿಲ್ಲ.

ಪಕ್ಕದ ಮನೆಯಲ್ಲಿದ್ದವಳು ಹಮೀದಾ ಖಾಲಾ, ಓಣಿಗೆಲ್ಲ ಚಿಕ್ಕವ್ವ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ತವರುಮನೆಯಲ್ಲೇ ಉಳಿದಿದ್ದಳು. ಮುಂದಿನ ಕೋಣೆಯಲ್ಲಿ ಬಳೆ ಅಂಗಡಿ ಇಟ್ಟಿದ್ದಳು. ಹೆಂಗಸರ ಮುಖ ಮರೆತರೂ ಮುಂಗೈ ಮರೆಯುತ್ತಿರಲಿಲ್ಲ. ಬುರ್ಖಾದೊಳಗಿಂದ ಕೈ ಚಾಚಿದರೆ ಸಾಕು, “ಏನವಾ, ಬಾಣಂತನ ಮುಗಿಸಿ ಬಂದ್ಯಾ? ಕೈ ಸೊರಗ್ಯಾದಲ್ಲ” ಎಂದು ಮನೆತನದ ಸಮಾಚಾರವನ್ನೆಲ್ಲ ಕೇಳುತ್ತಿದ್ದಳು. ನನಗೆ ಬಳೆ ಇಡಿಸುವಾಗ ಕೈಯನ್ನು ಹಿಟ್ಟು ನಾದಿದಂತೆ ನಾದಿ, ನೋವೇ ಗೊತ್ತಾಗದ ಹಾಗೆ ಏರಿಸಿಬಿಡುತ್ತಿದ್ದಳು. ಅವಳ ಮೇಲೆ ನನಗೆ ಬಲು ಪ್ರೀತಿ. ಭಯವಿದ್ದದ್ದು ಅವಳ ಅಣ್ಣನದು.

ಅಣ್ಣ ಬದುಕಿರಲಿಲ್ಲ ಎನ್ನುವುದೇ ಭಯಕ್ಕೆ ಕಾರಣ.

ಪ್ರತಿ ಗುರುವಾರ, ಅವರ ಜುಮೇರಾತು, ಸಂಜೆಯ ನಮಾಜು ಮುಗಿಯುತ್ತಲೇ ಖಾಲಾ ಬೀದಿಬಾಗಿಲು ಹಾರುಹೊಡೆದು ಇಡುತ್ತಿದ್ದಳು. ಲೋಬಾನದ ಹೊಗೆ ಎಬ್ಬಿಸಿ, ಒಂದು ಬಟ್ಟಲು ಖೀರು ಮುಂದಿಟ್ಟು, ಗಂಡ ಮುಂಬಯಿಯಿಂದ ತಂದಿದ್ದ ಕರೆಂಟಿನ ರೆಕಾರ್ಡ್ ಪ್ಲೇಯರಿನ ಮೇಲೆ ಅಣ್ಣನ ರೆಕಾರ್ಡು ಹಾಕುತ್ತಿದ್ದಳು. ಅವಳ ಆ ಕೋಣೆಗೂ ನಮ್ಮ ಅಡುಗೆಮನೆಗೂ ನಡುವೆ ಒಂದೇ ಮಣ್ಣುಗೋಡೆ. ಗೋಡೆಯ ಈ ಕಡೆ ನಮ್ಮ ದೇವರ ಗೂಡು. ಹೀಗಾಗಿ ಗುರುವಾರ ಸಂಜೆ ನಮ್ಮ ದೇವರ ಬೆನ್ನ ಹಿಂದಿನಿಂದ ಒಬ್ಬ ಗಂಡಸು, ಬಾವಿಯ ತಳದಲ್ಲಿ ಕೂತವನ ಹಾಗೆ, ಅತಿ ನಿಧಾನವಾಗಿ ದನಿ ತೆಗೆಯುತ್ತಿದ್ದ.

“ಸಾಂಝ ಭಯೀ... ಅಬ ಕಿವಾಡ ಖೋಲ...”

ಸಂಜೆಯಾಯಿತು, ಇನ್ನು ಬಾಗಿಲು ತೆರೆ. ಅರ್ಥ ಗೊತ್ತಾದದ್ದು ಆಮೇಲೆ. ನಾನು ಎರಡೂ ಕಿವಿಗೆ ಬೆರಳಿಟ್ಟುಕೊಂಡು ಜೋಳದ ಚೀಲದ ಹಿಂದೆ ಕೂಡುತ್ತಿದ್ದೆ. “ಸಾಯಲಿ ಅತ್ಲಾಗ, ನಮ್ಮ ದೇವರ ಬಾಯಿಲೆ ಆಕಿ ಅಣ್ಣ ಹಾಡ್ತಾನ” ಎಂದು ಅವ್ವ ಗೊಣಗುತ್ತ ದೀಪದ ಬತ್ತಿ ಏರಿಸುತ್ತಿದ್ದಳು. ಹಾಡು ಕೆಟ್ಟದ್ದು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಹಾಡು ಅಂದರೆ ಎಲ್ಲಿಗಾದರೂ ಮುಟ್ಟಬೇಕು ತಾನೆ? ಇದು ಮನೆಯ ಸುತ್ತ ಸುತ್ತುತ್ತಿತ್ತು, ಒಳಗೆ ಬರುತ್ತಿರಲಿಲ್ಲ.

ಆ ಅಣ್ಣನ ಹೆಸರು ಯೂಸುಫ್. ನಿಜಾಮರ ಕಾಲದಲ್ಲಿ ಹೈದರಾಬಾದಿಗೆ ಹೋಗಿ ಉಸ್ತಾದರೊಬ್ಬರ ಮನೆಯಲ್ಲಿ ನೀರು ಹೊತ್ತು, ಹುಕ್ಕಾ ತುಂಬಿ ಗಾಯನ ಕಲಿತವನು. ಇನ್ನೊಬ್ಬರು ಕಟ್ಟಿದ್ದನ್ನು ಹಾಡುವುದು ಅವನಿಗೆ ಸಾಲಲಿಲ್ಲ. ತಾನೇ ಚೀಜುಗಳನ್ನು ಕಟ್ಟುತ್ತಿದ್ದ; ಮಾತು ಅವನದೇ, ಧಾಟಿಯೂ ಅವನದೇ. ಕೊನೆಯ ಸಾಲಿನಲ್ಲಿ ‘ಜಲರಂಗ’ ಎಂದು ತನ್ನ ಅಂಕಿತ ಇಡುತ್ತಿದ್ದ. ಅಲ್ಲಿಯೇ ಒಂದು ರೆಕಾರ್ಡಿಗೆ ಹಾಡಿ ಊರಿಗೆ ಬಂದ. ಅದೇ ಮಳೆಗಾಲ ಹೊಳೆಯಾಚೆಯ ಯಾವುದೋ ಊರಿನಲ್ಲಿ ಹಾಡಿ, ದೇವದುರ್ಗದ ಹತ್ತಿರದ ಗೂಗಲ್ ಕಡೆಗೆ ಕೃಷ್ಣೆ ದಾಟುವಾಗ ಹರಿಗೋಲು ಮಗುಚಿತು. ಉಳಿದವರು ಈಜಿ ದಡ ಸೇರಿದರು. ಯೂಸುಫನ ಹೆಣ ಸಹ ಸಿಗಲಿಲ್ಲ. ಕೆಲವು ತಿಂಗಳಾದ ಮೇಲೆ ರೈಲು ಪಾರ್ಸೆಲ್ಲಿನಲ್ಲಿ, ಹುಲ್ಲು ತುಂಬಿದ ಪೆಟ್ಟಿಗೆಯೊಳಗೆ, ರೆಕಾರ್ಡು ಮನೆಗೆ ಬಂತು.

“ಗೋರಿ ಇದ್ದೋರು ಜುಮೇರಾತಿಗೆ ಗೋರಿಗೆ ಹೋಗ್ತಾರ ಬೇಟಿ. ನಾ ಎಲ್ಲಿಗೆ ಹೋಗ್ಲಿ? ಹೊಳಿಗೆ ಹೋಗ್ಲ್ಯಾ?” ಎಂದು ಖಾಲಾ ಒಮ್ಮೆ ನನ್ನನ್ನು ಕೇಳಿದ್ದಳು. “ಜುಮೇರಾತ್ ಸಂಜಿಗೆ ಸತ್ತವರ ರೂಹು, ಅಂದ್ರ ಆತ್ಮ, ತಮ್ಮ ಮನಿ ಬಾಗಲಕ ಬಂದು ನಿಂದರ್ತಾವ. ನಮ್ಮೋರು ನಮ್ಮನ್ನ ನೆನಸ್ತಾರೋ ಇಲ್ಲೋ ಅಂತ ನೋಡಿ ಹೋಗ್ತಾವ. ಭಾಯಿಗೆ ಈ ಮನಿ ಗುರುತ ಸಿಗಬೇಕಲ್ಲ, ಅವನ ಚೀಜ್ ಅವನಿಗೇ ಕೇಳಿಸ್ತೀನಿ.”

ಅಂದಿನಿಂದ ನಾನು ಗುರುವಾರ ಸಂಜೆ ಅವರ ಬಾಗಿಲ ಮುಂದೆ ಹಾಯುವುದನ್ನೇ ಬಿಟ್ಟೆ. ಅಂಗಡಿಗೆ ಹೋಗಬೇಕಾದರೆ ಹಿಂದಿನ ಸಂದಿಯಿಂದ ಹೋಗುತ್ತಿದ್ದೆ. ಅಲ್ಲಿ ನಾಯಿ ಕಚ್ಚುತ್ತಿತ್ತು. ಕಚ್ಚಿದರೆ ಕಚ್ಚಲಿ, ಜೀವ ಇದ್ದ ನಾಯಿ ತಾನೆ ಎಂದು ಧೈರ್ಯ ತಂದುಕೊಳ್ಳುತ್ತಿದ್ದೆ.

ಆದರೆ ಕಿವಿ ಎನ್ನುವುದು ನಾಚಿಕೆಯಿಲ್ಲದ ಅಂಗ. ಬೇಡ ಬೇಡ ಎಂದರೂ ಒಳಗೆ ತುಂಬಿಕೊಳ್ಳುತ್ತದೆ. ವರ್ಷಗಟ್ಟಲೆ ವಾರಕ್ಕೊಮ್ಮೆ ಕೇಳಿ ಕೇಳಿ, ಆ ಹಾಡು ನಮ್ಮ ಮನೆಯ ಒಗ್ಗರಣೆ ವಾಸನೆಯ ಹಾಗೆ ನನ್ನೊಳಗೆ ಸೇರಿಬಿಟ್ಟಿತ್ತು. ಇದು ಗೊತ್ತಾದದ್ದು ಮಾನ್ವಿಯಲ್ಲಿ. ಒಂದು ಬೇಸಿಗೆ ಸೋದರಮಾವನ ಮನೆಯಲ್ಲಿದ್ದೆ. ಗುರುವಾರ ಸಂಜೆ ಅತ್ತೆ ನನ್ನನ್ನು ನೀರಮಾನ್ವಿ ಎಲ್ಲಮ್ಮನ ಗುಡಿಗೆ ಕರೆದೊಯ್ದಳು. ಕಟ್ಟೆಯ ಮೇಲೆ ಚೌಡಿಕೆ ಬಾರಿಸುತ್ತ ತಾಯಿಯ ಪದ ಹೇಳುತ್ತಿದ್ದರು. ಎಲ್ಲರೂ ಉಧೋ ಉಧೋ ಎನ್ನುವಾಗ ನನ್ನ ಕಿವಿ ಮಾತ್ರ ಇನ್ನೇನನ್ನೋ ಕಾಯುತ್ತ ಕೂತಿತ್ತು. ಹೊತ್ತು ಮುಳುಗಿತು. ಹಾಡು ಬರಲಿಲ್ಲ. ನನಗೆ ಅಳುವೇ ಬಂದುಬಿಟ್ಟಿತು. ಅತ್ತೆ ಗಾಬರಿಯಾಗಿ ಭಂಡಾರ ಹಚ್ಚಿಸಿ, “ಹುಡುಗಿಗಿ ದೇವರು ಸೋಕ್ಯಾದ” ಎಂದು ಮನೆಯಲ್ಲೆಲ್ಲ ಹೇಳಿದಳು. ದೇವರಲ್ಲ, ಯೂಸುಫ್ ಭಾಯಿ ಎಂದು ನಾನು ಹೇಗೆ ಹೇಳಲಿ?

ಆಮೇಲೆ ಬೆರಳು ಕಿವಿಯಿಂದ ಇಳಿಯಿತು. ಅಕ್ಕಿ ಆರಿಸುವಾಗ, ಕೊಡ ತೊಳೆಯುವಾಗ ಅದೇ ಸಾಲು ಬಾಯಿಗೆ ಬರತೊಡಗಿತು. ಅದರಲ್ಲಿ ಏನೇನಿದೆ ಎಂದು ಕಾಣತೊಡಗಿತು. ‘ಕಿವಾಡ’ ಎನ್ನುವಲ್ಲಿ ದನಿ ಬಾಗಿಲ ತನಕ ಬಂದು ಒಂದು ಹೆಜ್ಜೆ ಹಿಂದೆ ಸರಿಯುತ್ತಿತ್ತು. ‘ಖೋಲ’ ಎನ್ನುವ ಮಾತು ತಬಲಾದ ಪೆಟ್ಟಿಗೆ ಸರಿಯಾಗಿ ಬೀಳದೆ ಸ್ವಲ್ಪ ತಡೆದು ಬೀಳುತ್ತಿತ್ತು, ತಟ್ಟಲೋ ಬೇಡವೋ ಎಂದು ಕೈ ಎತ್ತಿ ನಿಂತವನ ಹಾಗೆ. ಕಾಲೇಜಿನಲ್ಲಿದ್ದಾಗ ಸಂಗೀತದ ಟೀಚರೊಬ್ಬರಿಗೆ ಹಾಡಿ ತೋರಿಸಿದೆ. ಅವರು ಹಾರ್ಮೋನಿಯಂ ಒತ್ತುವುದನ್ನು ನಿಲ್ಲಿಸಿ, “ಇದು ಮಾರವಾ ರಾಗವ್ವ. ಹೊತ್ತು ಮುಳುಗೂ ರಾಗ. ಇದರಾಗ ಸಾ ಲಗೂನ ಸಿಗೂದಿಲ್ಲ, ಮನಿ ಮುಂದ ನಿಂತು ಮನಿ ಹುಡಿಕ್ಯಾಡಿದಂಗ” ಎಂದರು. ಇನ್ನೊಮ್ಮೆ ಹಾಡಿಸಿ, “ಯಾರು ಕಟ್ಯಾರ ಇದನ್ನ? ಭಾರೀ ಜೀವಾ ಅದು. ಆದ್ರ ಇಷ್ಟು ನಿಧಾನ ಯಾರು ಹಾಡ್ತಾರ? ಇದು ಮಧ್ಯಲಯದ ಚೀಜ್ ಅಲ್ಲೇನು?” ಎಂದು ಕೇಳಿದರು. ನನಗೆ ಸಿಟ್ಟು ಬಂತು. ಕಟ್ಟಿದವನೇ ಹಾಗೆ ಹಾಡಿದ್ದಾನೆ, ಇವರದೇನು ಎಂದುಕೊಂಡೆ.

ಮೆಚ್ಚಿಕೊಂಡೆ ಎಂದರೆ ಭಯ ಹೋಯಿತು ಎಂದು ತಿಳಿಯಬೇಡಿ. ಎರಡೂ ಒಟ್ಟಿಗೇ ಬೆಳೆದವು. ಅಪ್ಪನಿಗೆ ದೇವದುರ್ಗಕ್ಕೆ ವರ್ಗವಾಗಿದ್ದಾಗ ಒಂದು ಭಾನುವಾರ ಅವನ ಜೊತೆ ಗೂಗಲ್ಲಿಗೆ ಹೋಗಿ, ಅಲ್ಲಮಪ್ರಭುವಿನ ಗುಡಿಗೆ ಕೈಮುಗಿದು, ಇಳಿಹೊತ್ತಿನಲ್ಲಿ ಹರಿಗೋಲಿನಲ್ಲಿ ಒಂದು ಸುತ್ತು ಹಾಕಿದೆವು. ನೀರು ನೋಡುತ್ತ ನೋಡುತ್ತ ನಾನು ಅರಿವಿಲ್ಲದೆ ಗುನುಗಿದೆನಂತೆ. ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿಬಿಟ್ಟ.

“ಯವ್ವಾ, ಹೊಳಿ ಮ್ಯಾಲ ಆ ಹಾಡು ಬ್ಯಾಡ.”

“ಯಾಕೋ? ನಿನಗ ಗೊತ್ತೈತೇನು ಆ ಹಾಡು?” ಎಂದ ಅಪ್ಪ.

“ಗೊತ್ತಿಲ್ರೀ ಯಪ್ಪಾ. ಆದ್ರ ಅದು ಕರಿಯೂ ಹಾಡು ಇದ್ದಂಗ ಅದ. ಈ ಹೊತ್ತಿನಾಗ ಕರೀಬಾರದು. ಯಾರರ ಓ ಅಂದ್ರ ಏನ್ಮಾಡ್ತೀರಿ?”

ದಡ ಮುಟ್ಟುವ ತನಕ ನಾನು ಅಪ್ಪನ ತೋಳು ಬಿಡಲಿಲ್ಲ. ನೀರಿನ ಕಡೆಗೂ ನೋಡಲಿಲ್ಲ.

ಈ ನಡುವೆ ಇನ್ನೊಂದು ವಿಚಿತ್ರ ನಡೆದಿತ್ತು. ವರ್ಷ ವರ್ಷಕ್ಕೂ ಯೂಸುಫ್ ಭಾಯಿಯ ದನಿ ದಪ್ಪಗಾಗುತ್ತ, ಭಾರವಾಗುತ್ತ ಹೋಗುತ್ತಿತ್ತು. ನಾನು ಲಂಗ ತೊಡುವಾಗ ಅದು ನಡುವಯಸ್ಸಿನವನ ದನಿ. ಸೀರೆ ಉಡುವ ಹೊತ್ತಿಗೆ ಮುದುಕನದು. ಊರಲ್ಲಿ ಗಿರಣಿಗಳು ಹೆಚ್ಚಿದವು, ಪಂಪ್‌ಸೆಟ್ಟು ಹೆಚ್ಚಿದವು, ನಮ್ಮ ಓಣಿಯ ಕರೆಂಟು ಇಳಿಯುತ್ತ ಹೋಯಿತು, ರೆಕಾರ್ಡು ಇನ್ನಷ್ಟು ನಿಧಾನ ತಿರುಗಿತು ಎಂದು ಈಗ ಹೇಳಬಲ್ಲೆ. ಆಗ ಯಾರಿಗೆ ಹೊಳೆದೀತು? ಮೊದಲು ಮನೆಯಲ್ಲಿದ್ದ ಕೀಲಿ ಗ್ರಾಮಾಫೋನಿನ ಸ್ಪ್ರಿಂಗು ಮುರಿದು ರೆಕಾರ್ಡು ಎಷ್ಟೋ ವರ್ಷ ಪೆಟ್ಟಿಗೆಯಲ್ಲೇ ಬಿದ್ದಿತ್ತು. ಹುಡುಗಿಯಾಗಿದ್ದಾಗ ಕೇಳಿದ ದನಿ ಖಾಲಾಳಿಗೂ ಮರೆತುಹೋಗಿತ್ತು.

“ಈ ವರ್ಷ ಭಾಯಿ ಗಂಟಲಾ ಭಾಳ ಭಾರ ಆಗ್ಯಾದ ನೋಡು. ವಯಸ್ಸಾತಲ್ಲ, ಪಾಪ” ಎನ್ನುತ್ತಿದ್ದಳು.

“ಸತ್ತವರಿಗೆ ವಯಸ್ಸು ಎಲ್ಲಿ ಆಗ್ತದ ಖಾಲಾ?” ಎಂದು ನಾನು ನಗಲು ಹೋದೆ.

“ಯಾಕ ಆಗಂಗಿಲ್ಲ? ವಾರಾ ವಾರಾ ಬಂದು ಹೋಗೂ ಮನುಷ್ಯಾಗ ದಣಿವು ಇರೂದಿಲ್ಲೇನು?”

ಖಾಲಾಳ ಕೂದಲು ಬೆಳ್ಳಗಾದಂತೆ ಗೋಡೆಯಾಚೆಯ ದನಿಯೂ ನೆರೆಯುತ್ತಿತ್ತು. ಅಣ್ಣ ತಂಗಿ ಜೊತೆಯಾಗಿಯೇ ಮುದುಕರಾಗುತ್ತಿದ್ದರು. ಅವಳಿಗೆ ಅದರಲ್ಲಿ ಹೆದರಿಕೆ ಇರಲಿಲ್ಲ, ನೆಮ್ಮದಿ ಇತ್ತು.

ಎಂಬತ್ತರ ದಶಕ ಅರ್ಧ ಕಳೆದಿತ್ತು. ಕೃಷ್ಣೆಯ ದಂಡೆಯ ಮೇಲೆ ಕರೆಂಟು ತಯಾರಿಸುವ ದೊಡ್ಡ ಕಾರ್ಖಾನೆ ಎದ್ದಿತು. ನಮ್ಮ ಓಣಿಯವರು ಅಪ್ಪನನ್ನು ಮುಂದೆ ಮಾಡಿಕೊಂಡು ಎಷ್ಟೋ ಸಲ ಅಲೆದದ್ದಕ್ಕೆ ಓಣಿಯ ಬಾಯಿಗೇ ಹೊಸ ಟ್ರಾನ್ಸ್‌ಫಾರ್ಮರ್ ಬಂತು. ಅದಕ್ಕೆ ತೆಂಗಿನಕಾಯಿ ಒಡೆದೆವು. ಬಲ್ಬು ಹಾಕಿದೊಡನೆ ಎಲ್ಲರೂ ಕಣ್ಣು ಮುಚ್ಚಿಕೊಂಡರು. ಮನೆಯ ಮೂಲೆಗಳಲ್ಲಿ ಇಷ್ಟು ಜೇಡರ ಬಲೆ ಇದೆ ಎಂದು ಅವ್ವನಿಗೆ ಅವತ್ತೇ ಗೊತ್ತಾದದ್ದು. ಫ್ಯಾನು ತಿರುಗಿದ ರಭಸಕ್ಕೆ ಕ್ಯಾಲೆಂಡರು ಹಾರಿ ಬಿತ್ತು. ಅಪ್ಪ ಓಣಿಗೆಲ್ಲ ಪೇಡೆ ಹಂಚಿದ. ಖಾಲಾಳೂ ಎರಡು ಪೇಡೆ ತಿಂದಳು.

ಮಾರನೆಯ ದಿನ ಗುರುವಾರ.

ನಾನು ಅಡುಗೆಮನೆಯಲ್ಲಿ ಕಿವಿ ತೆರೆದುಕೊಂಡೇ ಕೂತಿದ್ದೆ. ಲೋಬಾನದ ವಾಸನೆ ಬಂತು. ಗೋಡೆಯಾಚೆ ಒಬ್ಬ ಹುಡುಗ ಹಾಡಿದ. ಇಪ್ಪತ್ತು ದಾಟಿದ್ದಾನೋ ಇಲ್ಲವೋ ಎನ್ನುವಂಥ ಹುಡುಗನ ತೆಳು, ಹರಿತ, ಅವಸರದ ದನಿ. ಹಾಡು ಅದೇ, ತಿರುವುಗಳು ಅವೇ, ‘ಜಲರಂಗ’ವೂ ಅದೇ. ಒಂದು ಸಾಲು ಮುಗಿಯಿತೋ ಇಲ್ಲವೋ, ಖಾಲಾ ಚೀರಿದ್ದು ಕೇಳಿಸಿತು. ಓಡಿದೆ. ಆ ಬಾಗಿಲಿನಿಂದ ಗುರುವಾರ ಸಂಜೆ ನಾನು ಒಳಗೆ ಕಾಲಿಟ್ಟದ್ದು ಅದೇ ಮೊದಲು.

ಅವಳು ಗೋಡೆಗೆ ಆತುಕೊಂಡು ನಿಂತಿದ್ದಳು. “ಯಾರಿಂವ? ಭಾಯಿ ಎಲ್ಲಿ ಹೋದ? ಯಾರ ಮಗ ಇಂವ, ನನ್ನ ಮನ್ಯಾಗ ಬಂದು ಕುಂತಾನ?”

ರೆಕಾರ್ಡು ಮುಗಿಯಿತು. ನಾನು ಕರೆಂಟು, ಮೋಟಾರು ಎಂದು ಏನೇನೋ ತಿಳಿಸಿ ಹೇಳಿದೆ. ಇಷ್ಟು ನಿಧಾನ ಯಾರು ಹಾಡುತ್ತಾರೆ ಎಂದು ಟೀಚರು ಕೇಳಿದ್ದು ನನಗೂ ಆಗಲೇ ತಲೆಗೆ ಹತ್ತಿದ್ದು. ಇದೇ ಅವನ ನಿಜವಾದ ದನಿ, ಇಷ್ಟು ವರ್ಷ ನಾವು ಕೇಳಿದ್ದೇ ಸುಳ್ಳು ಎಂದೆ. ಅವಳು ಕೆಳಗೆ ಕೂತಳು. ಬಹಳ ಹೊತ್ತು ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

“ಹೌ. ಇದೇ ದನಿ. ಇಷ್ಟೇ ಇದ್ದ ನಮ್ಮ ಭಾಯಿ, ಬರೇ ಹುಡುಗ” ಎಂದಳು. “ಈ ಕರೆಂಟ್ ಕೃಷ್ಣಾದಿಂದ ಬಂದಾದಂತಲ್ಲ ಬೇಟಿ? ಹೊಳಿ ಎಂಥಾ ಹುಡುಗನ್ನ ಒಯ್ದಿತ್ತೋ ಅಂಥಾವನ್ನೇ ತಿರುಗಿ ಕಳಿಸ್ಯಾದ.” ಆಮೇಲೆ ಅಳತೊಡಗಿದಳು. “ಇಬ್ಬರೂ ಕೂಡಿ ಮುದುಕರಾಗೀವಿ ಅಂತ ತಿಳದಿದ್ದೆ. ಅಂವ ಅಲ್ಲೇ ನಿಂತಾನ. ನಾ ಒಬ್ಬಾಕಿನೇ ಮುಂದ ಬಂದೀನಿ. ಬಾಗಲಕ ಬಂದು ಈ ಮುದುಕಿನ ನೋಡಿದ್ರ, ಇದು ನನ್ನ ಮನಿ ಅಲ್ಲ ಅಂತ ಹೊಳ್ಳಿ ಹೋಗ್ತಾನ.”

ಮುಂದಿನ ಗುರುವಾರ ಗೋಡೆ ಮೌನವಾಗಿತ್ತು. ಅದರ ಮುಂದಿನ ಗುರುವಾರವೂ. ಖಾಲಾ ಅಂಗಡಿ ಅರ್ಧ ತೆರೆದು, ಗಿರಾಕಿಗಳ ಕೈ ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದಳು. ಆ ಮೌನ ನನಗೂ ತಡೆಯಲಾಗದಾಯಿತು. ಆಮೇಲೊಂದು ಬುಧವಾರ ನನ್ನನ್ನು ಕರೆದು, ಮುಂಗೈಯನ್ನು ತನ್ನ ಬೊಗಸೆಯಲ್ಲಿ ಅಳೆದು ನೋಡಿದಳು.

“ಆಗಿನ ನನ್ನ ಕೈ ಇದೇ ಅಳತಿ ಇತ್ತು. ವಯಸ್ಸೂ ಹೆಚ್ಚುಕಡಿಮಿ ಇಷ್ಟೇ. ನಾಳಿ ಒಂದು ತಾಸು ನನ್ನ ಜಾಗಾದಾಗ ನೀ ಕೂಡ್ತೀಯೇನು ಬೇಟಿ? ಅವನಿಗೆ ಗುರುತ ಸಿಕ್ಕರ ಸಾಕು. ನಾ ಪರದೆ ಹಿಂದ ಇರ್ತೀನಿ.”

ಅವ್ವ ಕೇಳಿ ಹೌಹಾರಿದಳು. “ಮದುವಿ ಆಗೂ ಹುಡುಗಿ, ದೀಪಾ ಹಚ್ಚೂ ಹೊತ್ತಿನಾಗ ಸತ್ತವನ ಮುಂದ ಹೋಗಿ ಕೂಡ್ತಾಳಂತ! ಬುದ್ಧಿ ಎಲ್ಲಿಟ್ಟೀದಿ? ಗಾಳಿ ಸೋಕಿದ್ರ ಯಾರು ಬಿಡಸಬೇಕು?” ಅವಳು ಹೇಳಿದ್ದರಲ್ಲಿ ಒಂದು ಮಾತನ್ನೂ ಅಲ್ಲಗಳೆಯುವ ಧೈರ್ಯ ನನಗಿರಲಿಲ್ಲ. ಆದರೂ ಹೋದೆ. ಖಾಲಾಳ ಮೇಲಿನ ಪ್ರೀತಿಗೆ ಹೋದೆ ಎಂದರೆ ಅರ್ಧ ನಿಜ. ಆ ಹಾಡನ್ನು ಗೋಡೆಯ ಅಡ್ಡವಿಲ್ಲದೆ ಒಮ್ಮೆ ಕೇಳಬೇಕಿತ್ತು.

ಖಾಲಾ ನನ್ನ ಕೈತುಂಬ ಹಸಿರು ಬಳೆ ಏರಿಸಿದಳು. ತನ್ನ ಹಳೆಯ ಓಢಣಿ ಹೊದಿಸಿದಳು; ಪೆಟ್ಟಿಗೆಯೊಳಗಿನ ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತು. ಬಾಗಿಲಿಗೆ ಬೆನ್ನು ಮಾಡಿ ಚಾಪೆಯ ಮೇಲೆ ಕೂಡಿಸಿ, ರೆಕಾರ್ಡಿನ ಮೇಲೆ ಮುಳ್ಳು ಇಟ್ಟು, ಪರದೆಯ ಹಿಂದೆ ಸರಿದಳು. ಬೆನ್ನಿಗೆ ಬಯಲಾಗಿ ತೆರೆದ ಬಾಗಿಲು. ಹಾಡು ಮೊದಲಾಯಿತು.

ಇಷ್ಟು ಹತ್ತಿರದಿಂದ ನಾನದನ್ನು ಕೇಳಿರಲಿಲ್ಲ. ಅವನು ಉಸಿರು ತೆಗೆದುಕೊಳ್ಳುವುದೂ ಕೇಳಿಸುತ್ತಿತ್ತು. ಎಲ್ಲಿ ತಿರುಗುತ್ತಾನೆ, ಎಲ್ಲಿ ತಡೆಯುತ್ತಾನೆ, ಎಲ್ಲಿ ಬಾಗಿಲ ತನಕ ಬಂದು ಹಿಂದೆ ಸರಿಯುತ್ತಾನೆ, ನನಗೆಲ್ಲ ಗೊತ್ತು. ಬೇಗ ಹಾಡುತ್ತಿದ್ದರೂ ಅದೇ ಹಾಡು, ಅದೇ ಚೆಲುವು. ಎಂಥ ಚೀಜು ಕಟ್ಟಿದ್ದೀಯೋ ಮಾರಾಯ ಎಂದು ಮನಸ್ಸು ಉಕ್ಕಿ ಬಂತು. ಅದೇ ಹೊತ್ತಿಗೆ ಲೋಬಾನದ ಹೊಗೆ, ನೆಟ್ಟಗೆ ಏಳುತ್ತಿದ್ದದ್ದು, ಯಾರೋ ಒಳಗೆ ಬಂದಾಗ ಬಾಗುವ ಹಾಗೆ ನನ್ನ ಕಡೆ ಬಾಗಿತು. ಕತ್ತಿನ ಹಿಂದೆ ತಣ್ಣಗಾಯಿತು. ಹೊರಗೆ ಗಾಳಿ ಇರಲಿಲ್ಲ. ತಿರುಗಿ ನೋಡುವ ಶಕ್ತಿ ನನಗೂ ಇರಲಿಲ್ಲ.

ಆಗ ಬಲ್ಬು ಮೆಲ್ಲಗೆ ಕೆಂಪಾಗತೊಡಗಿತು. ಹೊಸ ಕರೆಂಟಿಗೆ ಏನಾಯಿತೋ, ಇಳಿಯಿತು, ಇಳಿಯುತ್ತಲೇ ಹೋಯಿತು. ಅದರ ಜೊತೆ ಹುಡುಗನ ದನಿ ಒಡೆಯಿತು, ಗಂಡಸಿನದಾಯಿತು, ನಡುವಯಸ್ಸಿಗೆ ಬಂತು, ಭಾರವಾಯಿತು. ಒಂದೇ ಸಾಲಿನೊಳಗೆ, ನನ್ನ ಕಣ್ಣೆದುರಿಗೆ, ಅವನು ಬದುಕದೆ ಬಿಟ್ಟ ವರ್ಷಗಳನ್ನೆಲ್ಲ ಬದುಕಿ ಮುದುಕನಾದ. ಬಲ್ಬು ಆರಿತು. ಸ್ಪೀಕರು ಸತ್ತಿತು. ಆದರೂ ರೆಕಾರ್ಡು ಇನ್ನೂ ತಿರುಗುತ್ತಿತ್ತು. ಕತ್ತಲಲ್ಲಿ ಬರೀ ಮುಳ್ಳಿನ ತುದಿಯಿಂದ, ಸಣ್ಣಗೆ, ದಣಿದ ದನಿಯೊಂದು ‘ಖೋಲ’ ಎಂದು ಎಳೆದು ನಿಂತುಕೊಂಡಿತು.

ಪರದೆಯ ಕಡೆ ಸರಸರ ಸದ್ದಾಯಿತು. ಖಾಲಾ ತಡವರಿಸದೆ ಕತ್ತಲಲ್ಲಿ ನೆಟ್ಟಗೆ ಬಂದು, ನನ್ನ ಹೆಗಲ ಮೇಲಿನ ಓಢಣಿ ತೆಗೆದು ತಾನು ಹೊದ್ದುಕೊಂಡಳು.

“ಏಳು ಬೇಟಿ, ಜಾಗಾ ಬಿಡು” ಎಂದಳು. “ಭಾಯಿ ನನ್ನ ಕೇಳಾಕತ್ತಾನ.”